ಗುರುವಾರ ನಾನು ಊರಲ್ಲಿರುವುದಿಲ್ಲ

ನನಗೆ ಕುಡಿಯುವ ಚಟವಿಲ್ಲ, ಸೇದುವ ಚಟವಿಲ್ಲ, ಎಲೆಅಡಿಕೆ ಕೂಡ ಮದುವೆಮನೆಯಲ್ಲಿ ಯಾರಾದರೂ ಕೈಗೆ ಕೊಟ್ಟರೆ ಮಾತ್ರ. ಇಷ್ಟು ಸಂಭಾವಿತನಾದ ಮನುಷ್ಯನ ಹತ್ತಿರ ಜನ ಯಾಕೆ ಹೆಚ್ಚು ಹೊತ್ತು ಕೂರುವುದಿಲ್ಲ ಎಂದು ಬಹಳ ವರ್ಷ ತಲೆ ಕೆಡಿಸಿಕೊಂಡಿದ್ದೇನೆ. ಕಾರಣ ಈಗೀಗ ತಿಳಿದಿದೆ. ನಾನು ಪ್ರಶ್ನೆ ಕೇಳುತ್ತೇನೆ. ಕೆಟ್ಟ ಪ್ರಶ್ನೆಗಳೇನಲ್ಲ. ಯಾವ ಊರು, ಯಾರ ಪೈಕಿ, ಏನು ಕೆಲಸ, ಮಕ್ಕಳೆಷ್ಟು, ಎರಡನೆಯವನು ಯಾಕೆ ಫೇಲಾದ ಎಂಬಂಥ, ಕಾಳಜಿಯಿಂದ ಕೇಳುವ ಸಾಧಾರಣ ಪ್ರಶ್ನೆಗಳು. ಇದರಲ್ಲಿ ನನ್ನ ತಪ್ಪು ಅರ್ಧ, ನೌಕರಿಯ ತಪ್ಪು ಅರ್ಧ. ಬೀದರಿನ ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂದು ಬರೆದ ಬೋರ್ಡಿನ ಕೆಳಗೆ, ಒಂದು ಕಿಟಕಿಯ ಹಿಂದೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಅಲ್ಲಿ ವಿಚಾರಿಸಬೇಕಾದವರು ಪ್ರಯಾಣಿಕರು. ನನ್ನ ಕಿಟಕಿಯಲ್ಲಿ ಮಾತ್ರ ವಿಚಾರಿಸುತ್ತಿದ್ದವನು ನಾನು. ಭಾಲ್ಕಿ ಬಸ್ಸು ಎಷ್ಟಕ್ಕೆ ಎಂದು ಒಬ್ಬ ಕೇಳಿದರೆ, ಭಾಲ್ಕಿಗೆ ಯಾಕೆ, ಅಲ್ಲಿ ಯಾರಿದ್ದಾರೆ, ಅಲ್ಲಿಂದ ಮುಂದೆ ಖಟಕ ಚಿಂಚೋಳಿಗೆ ಹೋಗುವವರೋ ಎಂದು ನಾನು ಕೇಳುತ್ತಿದ್ದೆ. ಅವನ ಉತ್ತರ ಮುಗಿಯುವುದರೊಳಗೆ ಬಸ್ಸು ಹೋಗಿಬಿಡುತ್ತಿತ್ತು. ಔರಾದಿಗೆ ಹೆಣ್ಣು ನೋಡಲು ಹೊರಟವನೊಬ್ಬ ನನ್ನ ಕಿಟಕಿಯಲ್ಲಿ ನಿಂತು ನಿಂತೇ ಬಸ್ಸು ತಪ್ಪಿಸಿಕೊಂಡು, ಆ ಸಂಬಂಧವೇ ಮುರಿದುಬಿತ್ತಂತೆ. ಬಹಳ ದಿನ ಆತ ನನ್ನನ್ನು ಬೈಯುತ್ತ ತಿರುಗಿದ್ದ. ಆಮೇಲೆ ಬೇರೆ ಕಡೆ ಮದುವೆಯಾಗಿ ಈಗ ಚೆನ್ನಾಗಿದ್ದಾನೆ.

ನಿವೃತ್ತಿಯಾದ ಮೇಲೆ ನನ್ನ ಪ್ರಶ್ನೆಗಳಿಗೆ ಗಿರಾಕಿಗಳಿಲ್ಲವಾದರು. ನಮ್ಮ ಮನೆಯವಳು ಉತ್ತರ ಕೊಡುವುದನ್ನು ಯಾವಾಗಲೋ ಬಿಟ್ಟಿದ್ದಾಳೆ. ಹಾಲಿನವನು ಹಾಲನ್ನು ಗೇಟಿನ ಹತ್ತಿರವೇ ಇಟ್ಟು ಗಾಡಿ ಓಡಿಸುತ್ತಾನೆ. ಹೀಗಿರುವಾಗ ಹೋದ ಬೇಸಿಗೆಯಲ್ಲಿ ಬಿಲ್ಕೀಸ್ ಆಪಾ ನಮ್ಮ ಮನೆಗೆ ಬಂದರು. ಆಪಾ ನಮ್ಮಿಂದ ನಾಲ್ಕು ಮನೆ ಆಚೆ ಇರುವವರು, ಬ್ಲೌಸ್ ಹೊಲಿಯುವವರು. ಅಷ್ಟೂರಿನ ಕಡೆ ಹೋಗುವ ರಸ್ತೆಯ ಪಕ್ಕದ ನಮ್ಮ ಇಡೀ ಓಣಿಯ ಅಳತೆ ಅವರಿಗೆ ಗೊತ್ತು. ಓಣಿಯ ಕೊನೆಯ ತಗಡಿನ ಮನೆಯಲ್ಲಿ ಸವಿತಾ ಎಂಬ ಹೆಣ್ಣುಮಗಳು ಇದ್ದಾಳೆ. ಮನೆ ಕಟ್ಟುವ ಕಡೆ ಕೆಲಸಕ್ಕೆ ಹೋಗುತ್ತಾಳೆ. ಗಂಡ ಹೈದರಾಬಾದಿನಲ್ಲಿ ದುಡಿಯುತ್ತಾನೆ, ಬಂದಾಗ ಬಂದ. ಮಕ್ಕಳು ಇಬ್ಬರು. ಸುಜಾತಾ ಐದನೆಯ ತರಗತಿ, ತಮ್ಮ ಗೌತಮ ಒಂದನೆಯದು. ಮಧ್ಯಾಹ್ನದ ಊಟ ಆ ಮಕ್ಕಳಿಗೆ ಶಾಲೆಯಲ್ಲೇ ಆಗುತ್ತಿತ್ತು.

“ಸಾಲಿ ಬಂದ್ ಆತು, ಬಿಸಿಯೂಟಾನೂ ಬಂದ್ ಆತು. ಬಚ್ಚೆಗಳ ಹೊಟ್ಟಿಗಿ ರಜಾ ಇರ್ತದೇನ್ರಿ ಭಾಯಿಸಾಬ್?” ಎಂದರು ಆಪಾ.

ಡಬ್ಬಿ ಕಟ್ಟಿ ಕಳಿಸೋಣವೆಂದರೆ ಸವಿತಾ ಒಪ್ಪಿರಲಿಲ್ಲ. “ನಾವು ಬೇಡಿ ತಿನ್ನೋರಲ್ರಿ” ಎಂದಿದ್ದಳು. ಮಕ್ಕಳು ಓಣಿಯ ಮನೆಗಳಿಗೆ ಆಡಲು ಹೋಗಿ, ಅಲ್ಲೇ ಉಂಡು ಬಂದರೆ ಆಗಬಹುದೇ ಎಂದು ಆಪಾ ಕೇಳಿದಾಗ ಸುಮ್ಮನಿದ್ದಳಂತೆ. ಸುಮ್ಮನಿದ್ದದ್ದನ್ನೇ ಆಪಾ ಒಪ್ಪಿಗೆ ಎಂದುಕೊಂಡು ಪಾಳಿ ಹಾಕಿಬಿಟ್ಟಿದ್ದರು. ಹಿಂದೆ ಓದುವ ಹುಡುಗರಿಗೆ ವಾರಾನ್ನ ಎಂದು ಇತ್ತಲ್ಲ, ದಿನಕ್ಕೊಂದು ಮನೆಯಲ್ಲಿ ಊಟ, ಹಾಗೆ. ಭಾನುವಾರ ತಾಯಿ ಮನೆಯಲ್ಲಿರುತ್ತಾಳೆ. ಉಳಿದ ದಿನಗಳಲ್ಲಿ ನಮಗೆ ಗುರುವಾರ ಬಂತು. ನಾನು ನಾಲ್ಕು ಪ್ರಶ್ನೆ ಕೇಳಬೇಕೆಂದು ಗಂಟಲು ಸರಿಮಾಡಿಕೊಳ್ಳುವುದರೊಳಗೆ ನಮ್ಮ ಮನೆಯವಳು “ಆಯ್ತ್ರಿ ಆಪಾ” ಎಂದು ಹೇಳಿ ಮುಗಿಸಿದಳು.

ಮೊದಲ ಗುರುವಾರ ಮಕ್ಕಳು ತಲೆ ಬಾಚಿಕೊಂಡು, ಕಾಲು ತೊಳೆದುಕೊಂಡು ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಅನ್ನ, ಹಪ್ಪಳ ಎಲ್ಲವೂ ಇದ್ದವು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೂತೆ. ಎಷ್ಟೋ ದಿನಗಳ ಮೇಲೆ ನನ್ನ ಮುಂದೆ ಎದ್ದುಹೋಗಲಾರದ ಇಬ್ಬರು ಸಿಕ್ಕಿದ್ದರು. ಮೊದಲು ಮಗ್ಗಿಯಿಂದ ಶುರು ಮಾಡಿದೆ. ಗೌತಮ ಮೂರರ ಮಗ್ಗಿಯ ಮಧ್ಯದಲ್ಲಿ ಸಿಕ್ಕಿಕೊಂಡ. ತುತ್ತು ಹಿಡಿದ ಕೈ ಅಲ್ಲೇ ನಿಂತಿತು. ಅವನನ್ನು ಬಿಟ್ಟು ಸುಜಾತಾಳನ್ನು ಹಿಡಿದೆ. ಅಪ್ಪ ಹೋಗಿ ಎಷ್ಟು ದಿನವಾಯಿತು, ಫೋನ್ ಮಾಡುತ್ತಾನೋ ಇಲ್ಲವೋ, ರೊಕ್ಕ ಕಳಿಸುತ್ತಾನೋ ಇಲ್ಲವೋ ಎಂದೆಲ್ಲ ಕೇಳಿದೆ. ಹುಡುಗಿ ಗೋಡೆ ನೋಡುತ್ತ ಎಲ್ಲದಕ್ಕೂ “ಹೌದ್ರಿ” ಎಂದಳು. ಎಲ್ಲದಕ್ಕೂ ಹೌದು ಎಂದರೆ ಹೇಗೆ ಎಂದು ಅದನ್ನೂ ಕೇಳಿದೆ. ಕೊನೆಗೆ, ಊಟ ಮಾಡುವಾಗ ಚೆನ್ನಾಗಿ ಅಗಿಯಬೇಕು, ದೊಡ್ಡವರಾಗಿ ಊರಿಗೆ ಹೆಸರು ತರಬೇಕು ಎಂದು ಬುದ್ಧಿ ಹೇಳಿ ಕಳಿಸಿದೆ. ನಾನು ಅಂದು ಮಧ್ಯಾಹ್ನ ಬಹಳ ತೃಪ್ತಿಯಿಂದ ಮಲಗಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮುಂದಿನ ವಾರ ಮಕ್ಕಳು ಬಂದವರು ಗಬಗಬ ತಿಂದು ಎದ್ದರು. ಅದರ ಮುಂದಿನ ವಾರ ಬರಲೇ ಇಲ್ಲ. ಹೊಟ್ಟೆನೋವಂತೆ. ಮತ್ತೊಂದು ಗುರುವಾರವೂ ಹೊಟ್ಟೆನೋವೇ. ಮಾಡಿಟ್ಟ ರೊಟ್ಟಿ ಒಣಗುವುದನ್ನು ನೋಡಲಾರದೆ ನಾನು, “ನಿನ್ನ ಬೇಳೆಗೆ ಖಾರ ಹೆಚ್ಚಾಯಿತೇನೋ” ಎಂದೆ. ನಮ್ಮ ಮನೆಯವಳು ಚಪ್ಪಲಿ ಮೆಟ್ಟಿಕೊಂಡು ಆಪಾ ಮನೆಗೆ ಹೋದಳು. ಬರುವಾಗ ಅವಳ ಮುಖ ನೋಡಿಯೇ ತಪ್ಪು ಬೇಳೆಯದಲ್ಲ ಎಂದು ತಿಳಿಯಿತು.

“ಆ ಹೊಟ್ಟಿನೋವು ಗುರುವಾರ ಅಷ್ಟೇ ಬರ್ತದಂತ್ರಿ,” ಎಂದಳು. “ಬಾಕಿ ದಿನ ಎಲ್ಲಾ ಮನ್ಯಾಗೂ ಹೊಟ್ಟಿತುಂಬ ಉಣ್ತಾವಂತ.”

ಆಪಾ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು, ಮೆಲ್ಲಗೆ ಮಾತಾಡಿಸಿ ವಿಷಯ ತಿಳಿದುಕೊಂಡಿದ್ದರು. ಸುಜಾತಾ ಹೇಳಿದ್ದು ಇಷ್ಟೇ: “ಆಯಿ ಕೈ ಊಟ ಭಾಳ ಚಲೋ ಅದ್ರಿ. ಖರೆ ಮುತ್ಯಾ ಸವಾಲ್ ಕೇಳ್ತಾರ. ತಮ್ಮಗ ನುಂಗಲಿಕ್ಕಿ ಬರೂದಿಲ್ಲ.” ಆಯಿ ಎಂದರೆ ಅಜ್ಜಿ, ನಮ್ಮ ಮನೆಯವಳು; ಮುತ್ಯಾ ಎಂದರೆ ಅಜ್ಜ, ನಾನು. ಗುರುವಾರ ಮಧ್ಯಾಹ್ನ ಆ ಮಕ್ಕಳು ಬಾಗಿಲು ಹಾಕಿಕೊಂಡು, ಒಂದಿಷ್ಟು ಚುರಮುರಿ ತಿಂದು, ಮೇಲೆ ನೀರು ಕುಡಿದು ಮಲಗುತ್ತಿದ್ದವಂತೆ. ಸಂಜೆ ತಾಯಿಗೆ ಮಾತ್ರ, ಮುತ್ಯಾನ ಮನೆಯಲ್ಲಿ ಉಂಡೆವು ಎಂದು ಹೇಳುತ್ತಿದ್ದವಂತೆ. ಇದನ್ನು ಕೇಳಿ ನನಗೆ ನಾಚಿಕೆಯಾಯಿತು. ಓಣಿಯಲ್ಲಿ ಎಲ್ಲರ ಮನೆಯ ಅನ್ನ ಒಳಗೆ ಹೋಗುತ್ತದೆ, ನಮ್ಮ ಮನೆಯದು ಮಾತ್ರ ನನ್ನ ದೆಸೆಯಿಂದ ಗಂಟಲಲ್ಲಿ ನಿಲ್ಲುತ್ತದೆ.

ಆಯಿತು, ಇನ್ನು ಬಾಯಿ ತೆರೆಯುವುದಿಲ್ಲ ಎಂದು ನಿಶ್ಚಯಿಸಿದೆ. ಮುಂದಿನ ಗುರುವಾರ ನಮ್ಮ ಮನೆಯವಳು ತಾನೇ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದಳು. ನಾನು ಅದೇ ಕುರ್ಚಿಯಲ್ಲಿ ತುಟಿ ಬಿಗಿದು ಕೂತೆ. ಪ್ರಶ್ನೆಗಳು ಹೊಟ್ಟೆಯಿಂದ ಎದ್ದು ಬಂದು ಹಲ್ಲಿಗೆ ಬಡಿದು ವಾಪಸಾಗುತ್ತಿದ್ದವು. ಗೌತಮ ಒಂದೊಂದು ತುತ್ತಿಗೂ ನನ್ನ ಬಾಯಿಯ ಕಡೆ ನೋಡುತ್ತಿದ್ದ. ಹೇಗೋ ಮುಕ್ಕಾಲು ಊಟ ನಡೆಯಿತು. ಆಗ ಅವನ ತಟ್ಟೆ ಖಾಲಿಯಾದದ್ದು ಕಂಡು ನನ್ನ ಬಾಯಿ ತಾನೇ ತೆರೆಯಿತು. “ಇನ್ನೊಂದು ರೊಟ್ಟಿ ಬೇಕೇನೋ?” ಅದೂ ಒಂದು ಪ್ರಶ್ನೆಯೇ ಅಲ್ಲವೇ! ಹುಡುಗ ಗಾಬರಿಯಾಗಿ, ಸರಿಯಾದ ಉತ್ತರ ಬೇಕು ಎಂಬುದೋ ಬೇಡ ಎಂಬುದೋ ತಿಳಿಯದೆ ಅಕ್ಕನ ಮುಖ ನೋಡಿದ. ಅಕ್ಕ “ಸಾಕ್ರಿ” ಎಂದಳು. ಎರಡೂ ಎದ್ದು ಕೈತೊಳೆದುಕೊಂಡವು. ಅವನಿಗೆ ರೊಟ್ಟಿ ಬೇಕಾಗಿತ್ತು ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು.

ಅಂದು ಸಂಜೆ ನಮ್ಮ ಮನೆಯವಳ ತೀರ್ಪು ಬಂತು.

“ನೀವು ಬಾಯಿ ಮುಚ್ಚಿದ್ರೂ ನಿಮ್ಮ ಮಾರಿ ಕೇಳ್ತದ್ರಿ. ಗುರುವಾರ ಮಧ್ಯಾಹ್ನ ನೀವು ಮನ್ಯಾಗ ಇರಬ್ಯಾಡ್ರಿ.”

“ಈ ಬಿಸಲಾಗ ಎಲ್ಲಿಗಿ ಹೋಗ್ಲಿ?”

“ಜಲ್ಮ ಪೂರಾ ಮಂದಿನ್ನ ಬಸ್ಸಿಗಿ ಹತ್ತಿಸೀರಿ. ಒಂದಿನ ನೀವೂ ಹತ್ತರಿ.”

ಹೀಗೆ ನಾನು ಔರಾದಿನ ಬಸ್ಸು ಹತ್ತಿದೆ. ಬಸ್ಸಿನ ತುಂಬ ಹೆಂಗಸರು. ಸರ್ಕಾರದ ಲೆಕ್ಕದಲ್ಲಿ ಅವರಿಗೆ ಟಿಕೆಟ್ಟು ಪುಕ್ಕಟೆ. ಹೆಂಡತಿಯಿಂದ ಹೊರಗೆ ಹಾಕಿಸಿಕೊಂಡ ಗಂಡಸಿಗೆ ಪೂರಾ ಚಾರ್ಜು. ನನ್ನ ಊಟದ ಡಬ್ಬಿ ತೊಡೆಯ ಮೇಲಿತ್ತು. ಔರಾದಿನಲ್ಲಿ ಇಳಿದು, ನಿಲ್ದಾಣದ ಬೆಂಚಿನ ಮೇಲೆ, ತಿರುಗಲೋ ಬೇಡವೋ ಎನ್ನುತ್ತಿದ್ದ ಫ್ಯಾನಿನ ಕೆಳಗೆ ಡಬ್ಬಿ ಬಿಚ್ಚಿದೆ. ಅಲ್ಲಿ ಕೆಲಸದಲ್ಲಿದ್ದ ಹೊಸ ಕಂಟ್ರೋಲರ್ ನನ್ನ ಗುರುತು ಹಿಡಿದು ಎದ್ದು ಬಂದ. ಬಹಳ ಮರ್ಯಾದೆಯ ಹುಡುಗ. “ನಮಸ್ಕಾರ್ರಿ ಸರ್. ಯಾರ ಮನಿಗಿ ಬಂದೀರಿ? ಏನರೆ ಕಾರ್ಯಕ್ರಮ ಅದ ಏನ್ರಿ? ಇಲ್ಲಾ? ಮತ್ತ ಯಾಕ ಬಂದೀರಿ? ಇಲ್ಲೇ ಯಾಕ ಉಣ್ಲಿಕತ್ತೀರಿ? ಮನ್ಯಾಗ ಎಲ್ಲಾ ಚಲೋ ಅದಲ್ರಿ?” ರೊಟ್ಟಿ ನನ್ನ ಬಾಯಲ್ಲಿ ಸುತ್ತತೊಡಗಿತು. ಒಂದು ಸುಳ್ಳು ಹೇಳಿದೆ, ಅದಕ್ಕೆ ಎರಡು ಪ್ರಶ್ನೆ ಬಂದವು. ಡಬ್ಬಿ ಅರ್ಧಕ್ಕೇ ಮುಚ್ಚಿ, ಸಿಕ್ಕ ಬಸ್ಸು ಹತ್ತಿ ಊರಿಗೆ ಬಂದೆ. ನುಂಗಲಿಕ್ಕೆ ಬರುವುದಿಲ್ಲ ಎಂದರೆ ಏನು ಎಂದು ಆ ಬೆಂಚಿನ ಮೇಲೆ ನನಗೆ ಚೆನ್ನಾಗಿ ಅರ್ಥವಾಗಿತ್ತು.

ನಾನು ಹೀಗೆ ಬೇಗ ಬರುತ್ತೇನೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಹತ್ತಿರ ಬಂದಾಗ ಒಳಗಿನಿಂದ ನನ್ನದೇ ಮಾತು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ, ಗೌತಮ ನನ್ನ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು, ಗಂಟಲು ದಪ್ಪ ಮಾಡಿ ಅಕ್ಕನನ್ನು ವಿಚಾರಿಸುತ್ತಿದ್ದ. “ಯಾವ ಊರು? ಎಲ್ಲಿಗಿ ಹೊಂಟೀ? ಯಾಕ ಹೊಂಟೀ? ಮೂರರ ಮಗ್ಗಿ ಅನ್ನು! ಹೋಗಬ್ಯಾಡ, ಬಸ್ಸು ಹೋತು!” ನನ್ನ ಬಸ್ ನಿಲ್ದಾಣದ ಕಥೆ ನಮ್ಮ ಮನೆಯವಳೇ ಹೇಳಿರಬೇಕು. ಸುಜಾತಾ ಬಿದ್ದು ಬಿದ್ದು ನಗುತ್ತಿದ್ದಳು. ಅದಕ್ಕಿಂತ ಹೆಚ್ಚು, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದವಳು ನಮ್ಮ ಮನೆಯವಳು. ನಗುತ್ತಲೇ ಅವಳು ಹುಡುಗನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಬೇಕೋ ಬೇಡವೋ ಎಂದು ಕೇಳಲಿಲ್ಲ. ಅವನು ಕುರ್ಚಿಯಿಂದ ಜಿಗಿದು ಕೂತು ತಿಂದ. ನನಗೆ ಸ್ವಲ್ಪ ನೋವಾಯಿತು. ಅಷ್ಟೇ ಸಂತೋಷವೂ ಆಯಿತು. ಒಳಗೆ ಹೋದರೆ ಆ ರೊಟ್ಟಿ ಅಲ್ಲೇ ನಿಲ್ಲುತ್ತದೆ ಎಂದು ಸದ್ದಿಲ್ಲದೆ ತಿರುಗಿ, ರಸ್ತೆಯ ಚಹಾದಂಗಡಿಯಲ್ಲಿ ಹೊತ್ತು ಕಳೆದೆ.

ಅಲ್ಲಿಂದ ಮುಂದೆ ಒಂದು ವಾರ ಔರಾದು, ಒಂದು ವಾರ ಭಾಲ್ಕಿ ಎಂದು ನನ್ನ ಪಾಳಿಯೂ ನಡೆಯಿತು. ರಜೆ ಮುಗಿಯುತ್ತ ಬಂದಿತ್ತು. ಒಂದು ಬುಧವಾರ ಸಂಜೆ ಕಿರಾಣಿ ಅಂಗಡಿಯ ಮುಂದೆ ಸುಜಾತಾ ಎದುರಾದಳು. ನನ್ನನ್ನು ಕಂಡರೆ ಆಚೆ ದಾರಿ ಹಿಡಿಯುತ್ತಿದ್ದ ಹುಡುಗಿ ಅಂದು ತಾನಾಗಿಯೇ ನಿಂತಳು.

“ಮುತ್ಯಾ, ನಾಳಿ ಎಲ್ಲಿಗಿ ಹೋಗ್ತೀರಿ?”

“ಭಾಲ್ಕಿಗವ್ವ.”

“ತಿರಗಿ ಯಾವಾಗ ಬರ್ತೀರಿ?”

“ಎರಡಕ್ಕ ಒಂದು ಬಸ್ಸದ, ಅದಕ್ಕ ಬರ್ತೇನಿ.”

ಹುಡುಗಿ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದಳು. “ಅದಾದ ಮ್ಯಾಲಿನ ಬಸ್ಸಿಗಿ ಬರ್ರಿ ಮುತ್ಯಾ. ನಾಳಿ ಆಯಿ ಹೋಳಗಿ ಮಾಡ್ತಾರಂತ. ತಮ್ಮ ಸಾವಕಾಶ ಉಣ್ತಾನ.”

“ಆಯ್ತವ್ವ” ಎಂದೆ.

ಮರುದಿನ ಭಾಲ್ಕಿಯಲ್ಲಿ ಎರಡರ ಬಸ್ಸು ನನ್ನ ಮುಂದೆಯೇ ಬಂದು ನಿಂತಿತು. ಪರಿಚಯದ ಕಂಡಕ್ಟರ್ “ಬರ್ರಿ ಸರ್, ಸೀಟ್ ಅದ” ಎಂದು ಕರೆದ. ನಾನು ಆ ಕಡೆ ಮುಖ ತಿರುಗಿಸಿ ಕೂತೆ. ಬಸ್ಸು ಹೋಯಿತು. ಮುಂದಿನ ಬಸ್ಸಿಗೆ ಬಂದು ಮನೆ ಸೇರಿದಾಗ ಮಕ್ಕಳು ಹೋಗಿಯಾಗಿತ್ತು, ಹೋಳಿಗೆಯ ಪಾತ್ರೆ ತೊಳೆದು ಬೋರಲು ಹಾಕಿತ್ತು. ನನ್ನ ಪಾಲಿನದೇನಾಯಿತು ಎಂದು ನಾನು ಕೇಳಲಿಲ್ಲ.