ಕೂತು ತೋರಿಸುವ ಕೋಣೆ

ಸುಮ್ಮನೆ ಕೂರಬೇಕು ಅಂತ ನಾನು ಯಾವತ್ತು ಮನಸ್ಸು ಮಾಡಿದರೂ ಅವತ್ತೇ ಏನಾದರೂ ಒಂದು ಆಗುತ್ತೆ. ಐದನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ಕೂರಲಾರದೆ ಶಾಲೆಯ ಹಿಂದಿನ ಗೋಡೆ ಹಾರಿದೆ. ಹಾರಿದ ಕಡೆ ಒಂದು ಲಾರಿ ನಿಂತಿತ್ತು. ಕ್ಲೀನರ್ ಆಗಿ ಹತ್ತಿದವನು ಡ್ರೈವರ್ ಆಗಿ ಇಳಿಯುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ಈಗ ಕಣ್ಣಿನ ಡಾಕ್ಟರು, ಲಾರಿ ಮಾಲೀಕರು, ಮನೆಯಾಕೆ ಮೂವರೂ ಸೇರಿ ಒಮ್ಮತದಿಂದ ನನ್ನನ್ನು ರಿಟೈರ್ ಮಾಡಿದ್ದಾರೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮ ಮನೆ. ಅದಕ್ಕೆ ಅಂಟಿಕೊಂಡು, ಓಣಿ ಕಡೆ ಬಾಗಿಲಿರುವ ಒಂದು ಕೋಣೆ. ಅದನ್ನು ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ, ಇನ್ನು ಅಲ್ಲೇ ಆರಾಮಾಗಿ ಕೂರ್ತೀನಿ ಅಂದೆ. ಮನೆಯಾಕೆ ನಕ್ಕಳು. ನನ್ನ ಮೇಲೆ ಅವಳಿಗೆ ಅಷ್ಟು ನಂಬಿಕೆ.

“ಮಾಡಿಸ್ರಿ, ಬ್ಯಾಡ ಅನ್ನಲ್ಲ. ದೀಪಾವಳಿ ತನಕ ಅದ್ರಾಗೆ ಕೂತು ತೋರಿಸ್ರಿ. ಇಲ್ಲಾಂದ್ರೆ ಬಾಡಿಗಿಗೆ ಕೊಡ್ತೀನಿ.”

ಒಪ್ಪಿಕೊಂಡೆ. ಘಾಟಿಯಲ್ಲಿ ಬ್ರೇಕ್ ಇಲ್ಲದ ಲಾರಿ ಇಳಿಸಿದವನಿಗೆ ಒಂದು ಕೋಣೆಯಲ್ಲಿ ಕೂರೋದು ಯಾವ ಲೆಕ್ಕ?

ಗುಜರಿ

ಮೊದಲ ಕೆಲಸ ಕೋಣೆ ಖಾಲಿ ಮಾಡುವುದು. ನಾನು ಊರೂರು ಸುತ್ತುತ್ತಿದ್ದ ಕಾಲದಲ್ಲಿ ಮನೆಯಾಕೆ ಅಲ್ಲಿ ಒಂದು ಸಣ್ಣ ಮ್ಯೂಸಿಯಂ ಬೆಳೆಸಿದ್ದಳು. ಕಾಲು ಮುರಿದ ತೊಟ್ಟಿಲು, ಮುಚ್ಚಳಗಳಿಲ್ಲದ ಡಬ್ಬಿಗಳು, ಬೇರೆ ಮೂಲೆಯಲ್ಲಿ ಡಬ್ಬಿಗಳಿಲ್ಲದ ಮುಚ್ಚಳಗಳು. ಒಂದಕ್ಕೊಂದು ಹೊಂದುತ್ತವಾ ಅಂತ ನೋಡಿದೆ. ಅಷ್ಟು ಪುಣ್ಯ ನಮಗಿಲ್ಲ.

ಗುಜರಿಯವನನ್ನು ಕರೆದು ಎಲ್ಲ ಅವನ ಗಾಡಿಗೆ ಹಾಕಿದೆ. ಮನೆಯಾಕೆ ಗಾಡಿಯ ಪಕ್ಕ ನಿಂತು ಒಂದೊಂದೇ ಇಳಿಸತೊಡಗಿದಳು.

“ಇದು ನಮ್ಮವ್ವ ಕೊಟ್ಟಿದ್ದು.”

“ಅದಕ್ಕೆ ತಳನೇ ಇಲ್ಲ.”

“ಕೊಟ್ಟಾಗ ಇತ್ತು.”

ನಮ್ಮ ಸಾಮಾನೆಲ್ಲ ವಾಪಸ್ ಇಳಿದ ಮೇಲೆ ಅವಳ ಕಣ್ಣು ಗಾಡಿಯಲ್ಲಿ ಮೊದಲಿಂದ ಇದ್ದ ಒಂದು ಕಬ್ಬಿಣದ ಹಂಚಿನ ಮೇಲೆ ಬಿತ್ತು. ಚೌಕಾಸಿ ಮಾಡಿ ಕೊಂಡಳು. ಆಮೇಲೆ ಒಂದು ಹಿತ್ತಾಳೆ ಚೊಂಬು. ಆಮೇಲೆ ಒಂದು ಸ್ಟೂಲು. ಗುಜರಿಯವನು ಖಾಲಿ ಗಾಡಿ ತಳ್ಳಿಕೊಂಡು ಹೋಗುವಾಗ ತಿರುಗಿ ನೋಡಿ ಕೇಳಿದ: “ಅಕ್ಕಾ, ನಾಳೆನೂ ಬರ್ಲೇನ್ರಿ?”

ಸಾಮಾನು ಅಟ್ಟ ಸೇರಿತು. ಅಟ್ಟಕ್ಕೂ ಒಂದು ದಿನ ರಿಟೈರ್‌ಮೆಂಟ್ ಬರುತ್ತೆ, ಅದು ನನ್ನ ತಲೆ ಮೇಲೇ ಬರುತ್ತೆ.

ಪೂರ್ವ

ಮನೆಯಾಕೆಯ ತಮ್ಮ ಹರಿಹರದಲ್ಲಿ ಸೈಟು ಮಾರಿಸುವ ಬ್ರೋಕರು. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ವಾಸ್ತುವಿನಲ್ಲೂ ಪಂಡಿತನಾಗಿದ್ದಾನೆ. ಕೋಣೆಗೆ ಬಂದವನೇ ಫೋನಿನಲ್ಲಿ ದಿಕ್ಸೂಚಿ ತೆಗೆದ. ಅದನ್ನು ಇಡಲು ಇಡೀ ಕೋಣೆಯಲ್ಲಿ ಅವನಿಗೆ ಸಿಕ್ಕ ಜಾಗ, ಅಟ್ಟ ಹತ್ತದೆ ಅಲ್ಲೇ ಉಳಿದಿದ್ದ ಕಬ್ಬಿಣದ ಬೀರು. ಮುಳ್ಳು ಕುಡಿದವರ ಹಾಗೆ ಒಂದು ಸುತ್ತು ತಿರುಗಿ ನಿಂತಿತು.

“ಮಾವ, ಈ ಗ್ವಾಡೆ ಪೂರ್ವ. ಇಲ್ಲೊಂದು ಕಿಟಕಿ ಒಡಿಸ್ರಿ. ಬೆಳಿಗ್ಗೆ ಎಳೆ ಬಿಸ್ಲು ಮುಖಕ್ಕೆ ಬಿದ್ರೆ ಆಯುಷ್ಯ.”

“ಲೇ, ಸೂರ್ಯ ಹುಟ್ಟೋದು ಆ ಕಡೆ, ಪಕ್ಕದ ಮನೆ ನೀರಿನ ಟ್ಯಾಂಕಿನ ಹಿಂದೆ. ಅರ್ಧ ಆಯುಷ್ಯ ದಿಕ್ಕು ನೋಡೇ ಗಾಡಿ ಹೊಡ್ದೀನಿ.”

“ಅದು ಕಣ್ಣಿಗೆ ಕಾಣೋ ಪೂರ್ವ ಮಾವ. ವಾಸ್ತು ಪೂರ್ವ ಬ್ಯಾರೆ.”

ಮನೆಯಾಕೆ ನನ್ನನ್ನು ನೋಡಿದಳು. “ಅಷ್ಟು ದುಡ್ಡಿನ ಫೋನು ಸುಳ್ಳು ಹೇಳ್ತೈತೇನು?”

ಕಡಿಮೆ ಬೆಲೆಯವನು ನಾನು, ಗಾರೆಯವನನ್ನು ಕರೆಸಿದೆ. ಗೋಡೆ ಒಡೆದು ಕಿಟಕಿ ಇಟ್ಟಾಯಿತು. ಬೆಳಿಗ್ಗೆ ಅಲ್ಲಿ ಸೊಳ್ಳೆ ಬಂದವು. ಸೂರ್ಯ ಬಂದದ್ದು ಸಂಜೆ, ಚಹಾ ಹೊತ್ತಿಗೆ, ಕಣ್ಣು ಕುಕ್ಕುವ ಹಾಗೆ. ಹರಿಹರಕ್ಕೆ ಫೋನು ಹಚ್ಚಿ ವಿಷಯ ಹೇಳಿದೆ. ಅವನು ಸ್ವಲ್ಪವೂ ಅಳುಕಲಿಲ್ಲ.

“ಅದಕ್ಕೇನಾತು? ನೀವು ಸಂಜಿಗೆ ಏಳ್ರಿ. ರಿಟೈರ್ ಆದೋರಿಗೆ ಬೆಳಿಗ್ಗೆ ಏನು, ಸಂಜಿ ಏನು ಮಾವ?”

ಬಣ್ಣ

ಹರಿಹರದಲ್ಲಿ ನನಗೊಬ್ಬ ಪೇಂಟರ್ ದೋಸ್ತ ಇದ್ದಾನೆ. ಜೀವಮಾನವೆಲ್ಲ ಲಾರಿಗಳಿಗೆ ಬಣ್ಣ ಹೊಡೆದವನು. “ನಿನ್ನ ರೂಮು ನಂಗೆ ಬಿಡು, ಬ್ಯಾರೆಯವ್ರು ಕೈ ಹಚ್ಚೋದು ಬ್ಯಾಡ” ಅಂದ. ನಾನು ಕೇಳಿದ್ದು ತಿಳಿ ಹಸಿರು. ಹೇಳಿ, ಬಣ್ಣದ ವಾಸನೆ ತಡೆಯಲಾರದೆ ಕೊಂಡಜ್ಜಿ ಕೆರೆ ಕಡೆ ಒಂದು ಸುತ್ತು ಹೋಗಿಬಂದೆ. ಕೋಣೆ ಇನ್ನೂ ತಯಾರಾಗಿರಲಿಲ್ಲವಾದ್ದರಿಂದ ಇದು ಷರತ್ತಿನೊಳಗೆ ಬರುವುದಿಲ್ಲ.

ಬಂದು ನೋಡುತ್ತೇನೆ, ಕೋಣೆ ಲೋಡಿಗೆ ನಿಂತಿದೆ. ಒಳಗೆ ತಿಳಿ ಹಸಿರು ಇತ್ತು, ಮಾತು ತಪ್ಪಿರಲಿಲ್ಲ. ಆದರೆ ಹೊರಗೆ, ಬಾಗಿಲ ತುಂಬ ಅರಿಶಿಣ ಬಣ್ಣ, ಅಂಚಿಗೆ ಕೆಂಪು ಹೂಬಳ್ಳಿ, ಎರಡು ಕಡೆ ರೆಕ್ಕೆ ಬಿಚ್ಚಿದ ಹದ್ದು, ನಡುವೆ ದಪ್ಪ ಅಕ್ಷರದಲ್ಲಿ “ಹಾರ್ನ್ ಮಾಡಿ”. ಬಾಗಿಲ ಮೇಲೆ ನನ್ನ ಹೆಸರು, ಅದರ ಕೆಳಗೆ, ಲಾರಿ ಕ್ಯಾಬಿನ್ನಿಗೆ ಬರೆಯುವ ಹಾಗೆ, “ಆಸನ: 1 + 2”.

“ಇದೇನಲೇ?” ಅಂದೆ.

“ಕೈ ತಾನೇ ಹೋತು ದೋಸ್ತ. ಬರೀ ಬಳಿದು ಬಿಡಾಕೆ ಅದೇನು ಆಸ್ಪತ್ರೆನ?”

ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲಿಂದ ಕೆಳಗೆ ನಿಧಾನಕ್ಕೆ ಓದಿದಳು. ಹದ್ದಿನ ಬಗ್ಗೆ ತಕರಾರಿಲ್ಲ. ಹಾರ್ನಿನ ಬಗ್ಗೆಯೂ ಇಲ್ಲ.

“ಒಂದು ನೀವು, ಸರಿ. ಆ ಇಬ್ರು ಯಾರಂತ ಈಗ್ಲೇ ಹೇಳಿಬಿಡ್ರಿ.”

ಬಾಡಿಗೆ

ಬಣ್ಣ ಒಣಗುವ ಮೊದಲೇ ಒಬ್ಬರು ಬಂದು ಕೇಳಿದರು, ರೂಮು ಬಾಡಿಗೆಗೆ ಐತೇನ್ರಿ ಅಂತ. ನಾನು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು, ಜೀವಂತವಾಗಿ ಕೂತಿದ್ದೆ. ಮನೆಯಾಕೆ ಒಳಗಿಂದಲೇ ಹೇಳಿದಳು:

“ದೀಪಾವಳಿ ಕಳೀಲಿ, ಬರ್ರಿ. ಈಗಿರೋರು ನಿಲ್ಲೋ ಗಿರಾಕಿ ಅಲ್ಲ.”

ನಿದ್ದೆ

ಅಂತೂ ಕೋಣೆಯಲ್ಲಿ ಕೂತೆ. ಹೊಸ ಮಂಚ, ಹೊಸ ಹಾಸಿಗೆ, ಸದ್ದೇ ಮಾಡದ ಹೊಸ ಫ್ಯಾನು. ಮಧ್ಯಾಹ್ನ ಊಟ ಮಾಡಿ ಮಲಗಿದರೆ ರೆಪ್ಪೆಗೆ ರೆಪ್ಪೆ ಹತ್ತಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಜೀವನವಿಡೀ ಮಲಗಿದವನಿಗೆ ಆ ನಿಶ್ಶಬ್ದ ಕಿವಿಯೊಳಗೆ ಕೂಗುತ್ತಿತ್ತು. ದಿನಾ ಇದೇ ಕತೆ. ಕಾಲು ತಾವೇ ಬಸ್ ಸ್ಟ್ಯಾಂಡ್ ಕಡೆ ಎಳೆಯುತ್ತಿದ್ದವು. ಮನೆಯಾಕೆ ಬಾಗಿಲಲ್ಲಿ ನಿಂತು, “ಸೋತ್ರೇನ್ರಿ?” ಅನ್ನುವಳು. “ಯಾರು ಸೋತ್ರು?” ಅಂತ ಕಣ್ಣು ಕೆಂಪಗೆ ಮಾಡಿಕೊಂಡು ಮತ್ತೆ ಮಲಗುವೆ.

ಒಂದು ಮಧ್ಯಾಹ್ನ ಗೋಡೆಯಾಚೆ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುವ ಗ್ರೈಂಡರ್ ಶುರುವಾಯಿತು. ಗರ್ರ್, ಗರ್ರ್. ಲೋಡು ತುಂಬಿದ ಲಾರಿ ಎರಡನೇ ಗೇರಿನಲ್ಲಿ ಘಾಟಿ ಹತ್ತುವಾಗ ಬರುತ್ತಲ್ಲ, ಥೇಟ್ ಅದೇ ಸದ್ದು. ಆಹಾ ಅನ್ನುವಷ್ಟರಲ್ಲಿ ನಿದ್ದೆ. ಗ್ರೈಂಡರ್ ನಿಂತಿತು, ಎದ್ದು ಕೂತೆ. ಬಾಗಿಲಲ್ಲಿ ಮನೆಯಾಕೆ. ಒಳಗೆ ಹೋಗಿ ಸ್ವಿಚ್ ಹಾಕಿದಳು, ಮಲಗಿದೆ. ತೆಗೆದಳು, ಎದ್ದೆ. ಹೊಸ ಟಾರ್ಚ್ ಕೊಂಡವರು ಪರೀಕ್ಷೆ ಮಾಡುವ ಹಾಗೆ ನನ್ನನ್ನು ಪರೀಕ್ಷೆ ಮಾಡಿದಳು.

ಮಾರನೇ ದಿನ ಗ್ರೈಂಡರ್ ನನ್ನ ಮಂಚದ ಪಕ್ಕಕ್ಕೇ ಬಂತು. ಖಾಲಿ ತಿರುಗಿಸಿದರೆ ಕಲ್ಲು ಸವೆಯುತ್ತೆ ಅಂತ ದಿನಾ ಅಕ್ಕಿ, ಉದ್ದು. ದಿನಾ ಇಡ್ಲಿ, ದಿನಾ ದೋಸೆ, ದಿನಾ ಪಡ್ಡು. ನನ್ನ ನಿದ್ದೆಯನ್ನು ತಿಂದು ಮುಗಿಸಲು ನಮ್ಮಿಬ್ಬರಿಂದ ಆಗಲಿಲ್ಲ. ಆಗ ಅವಳು ಪಕ್ಕದ ಮನೆಯವರ ಅಕ್ಕಿ ಇಸಕೊಂಡಳು. ಆಮೇಲೆ ಎದುರು ಮನೆಯವರದು. ಆಮೇಲೆ ಓಣಿಯದು. ಆದರೆ ನಿಯಮ ಖಡಕ್ಕು:

“ಇವರು ಮಲಗಿದಾಗ ಮಾತ್ರ ಹಾಕೋದು. ಇವರ ನಿದ್ದಿ ಕರೆಂಟಿನಾಗೆ ನಿಮ್ಮ ಹಿಟ್ಟೂ ಆಗ್ತೈತೆ. ಬರೀ ನಿಮ್ಮ ಹಿಟ್ಟಿಗೆ ಅಂತ ನಾನ್ಯಾಕೆ ಕರೆಂಟ್ ಉರಿಸ್ಲಿ?”

ಊಟದ ಹೊತ್ತಾದರೆ ಸಾಕು, ಪಾತ್ರೆ ಹಿಡಿದ ಹೆಂಗಸರು ಬಾಗಿಲಿಗೆ ಬರುವರು. “ಅಣ್ಣಾರಿಗೆ ಆಕಳಿಕೆ ಬಂತೇನ್ರಿ?” ಮುಖ ನೋಡಿ ಒಬ್ಬಾಕೆ ಹೇಳುವಳು, “ಇನ್ನೇನು ಬರ್ತೈತೆ ತಡೀರಿ, ಕಣ್ಣು ಇಳ್ದಾವೆ.” ಇನ್ನೊಬ್ಬಾಕೆ ನನ್ನ ತಟ್ಟೆಗೆ ಎರಡನೇ ಸಲ ಮೊಸರನ್ನ ಬಡಿಸಿಬಿಡುವಳು. ಇಷ್ಟು ಮಂದಿ ನನ್ನಿಂದ ಏನಾದರೂ ಬಯಸಿದ್ದು ಇದೇ ಮೊದಲು.

ದೀಪಾವಳಿ ಹತ್ತಿರ ಬಂದಿತ್ತು. ಗೆದ್ದೇ ಬಿಟ್ಟೆ ಅನ್ನುವ ಧೈರ್ಯದಲ್ಲಿ ಒಂದು ದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಹರಿಹರದ ಬಸ್ ಹತ್ತಿದೆ. ಮಧ್ಯಾಹ್ನದ ಹೊಳೆ ಗಾಳಿ, ಪೇಂಟರ್ ದೋಸ್ತನ ಪಕ್ಕದ ಕಲ್ಲುಬೆಂಚು, ಮುಂದೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ಬಿಡುಗಡೆ ಅಂದರೆ ಇದು ಅಂತ ಬಾಯಿ ತೆಗೆಯುವಷ್ಟರಲ್ಲಿ ಫೋನು ಬಂತು. ಮನೆಯಾಕೆಯ ದನಿ. ಹಿಂದೆ ಪಾತ್ರೆಗಳ ಸದ್ದು, ಹತ್ತಾರು ಹೆಂಗಸರ ಗದ್ದಲ.

“ಎಲ್ಲಿ ಅದೀರಿ?”

“ಇಲ್ಲೇ, ಓಣಿ ತುದಿಗೆ.”

“ಓಣಿ ತುದಿಗೆ ಯಾವಾಗ್ಲಿಂದ ಹೊಳೆ ಬಂತು? ಗಾಳಿ ಕೇಳ್ತೈತೆ. ಲಗೂ ಬರ್ರಿ.”

ಬಾಡಿಗೆಯವರು ಗಂಟುಮೂಟೆ ತಂದು ಇಳಿಸಿಬಿಟ್ಟರಾ?

“ಷರತ್ತು ಸೋತೆ ಅಂತ ರೂಮು ಕೊಟ್ಟುಬಿಟ್ಯಾ?”

“ಷರತ್ತು ಹಾಳಾಗ್ಲಿ, ರೂಮು ನಿಮ್ದೇ ಇಟ್ಕೊಳ್ರಿ. ಓಣಿ ಮಂದಿದೆಲ್ಲ ಅಕ್ಕಿ ನೆನೆದು ಕೂತೈತೆ, ಎಲ್ಲಾರೂ ನನ್ನ ಮುಖ ನೋಡ್ತಾ ನಿಂತಾರೆ. ಆಟೋ ಹಿಡ್ಕೊಂಡಾದ್ರೂ ಬಂದು ಮಲಗ್ರಿ.”