ಮಾವ 78, ಸಮುದ್ರಕ್ಕೆ ಬಿಡಬೇಕು

"ಈ ಪ್ರವಾಸದಲ್ಲಿ ಏಜೆಂಟು, ಕಂಪನಿ, ಪ್ಯಾಕೇಜು ಒಂದೂ ಇಲ್ಲ. ಯಾವ ಊರಿಗೆ ಹೋದ್ರೆ ಆ ಊರಿನ ದೋಣಿ ಕ್ಯಾಪ್ಟನ್ನು. ನಾನೇ ಮಾತಾಡ್ತೀನಿ, ನಾನೇ ಗೊತ್ತುಮಾಡ್ತೀನಿ" ಎಂದು ಕತ್ತರಿ ಕಾರಿನ ಡಿಕ್ಕಿ ಮುಚ್ಚುತ್ತಾ ಘೋಷಿಸಿದಾಗ, ಅವನ ಹೆಂಡತಿ ಮೂರು ಚೀಲ, ಎರಡು ಕೊಡೆ ಮತ್ತು ತನ್ನ ಅಪ್ಪನನ್ನು ಹಿಂದಿನ ಸೀಟಿನಲ್ಲಿ ಹೊಂದಿಸುವ ಗಡಿಬಿಡಿಯಲ್ಲಿದ್ದಳು. ಹಾಗಾಗಿ ಈ ಐತಿಹಾಸಿಕ ಘೋಷಣೆಯನ್ನು ತಡೆಯುವವರು ಅಲ್ಲಿ ಯಾರೂ ಇರಲಿಲ್ಲ.

ಕತ್ತರಿ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಪತ್ರಿಕೆಯೊಂದರ ಕಿರುಜಾಹೀರಾತು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ಜನ ಬರೆದು ತಂದ ಕಣ್ಣೀರಿನ ಕತೆಗಳನ್ನು ನಾಲ್ಕೈದು ಪದಕ್ಕೆ ಇಳಿಸಿ ಇಳಿಸಿ ಸಂಪಾದಿಸಿದ ಬಿರುದು. "ನಮ್ಮ ಮನೆಯ ಮುದ್ದಿನ ಬಿಳಿ ಬೆಕ್ಕು ಮಂಗಳವಾರ ಸಂಜೆಯಿಂದ ಕಾಣುತ್ತಿಲ್ಲ, ಮಕ್ಕಳು ಊಟ ಬಿಟ್ಟಿದ್ದಾರೆ, ದಯವಿಟ್ಟು ಹುಡುಕಿಕೊಡಿ" ಎಂದು ಬರೆದು ತಂದಿದ್ದ ಒಬ್ಬ ತಾಯಿಯ ಚೀಟಿಯನ್ನು ಅವನು "ಬಿಳಿ ಬೆಕ್ಕು ಬೇಕು" ಎಂದು ತಿದ್ದಿ ಅಚ್ಚಿಗೆ ಕಳಿಸಿದ್ದ. ಮರುದಿನ ಆಕೆಯ ಮನೆ ಬಾಗಿಲಿಗೆ ಹದಿನೇಳು ಬಿಳಿ ಬೆಕ್ಕು ಬಂದವು. ಇದು ಜಾಹೀರಾತಿನ ಶಕ್ತಿ ಎಂದೇ ಅವನು ಇಂದಿಗೂ ನಂಬಿದ್ದಾನೆ.

ಈ ಪ್ರವಾಸ ಹೊರಟಿದ್ದೇ ಮಾವನಿಗಾಗಿ. ಅತ್ತೆ ತೀರಿಕೊಂಡ ಮೇಲೆ ಒಂದೂವರೆ ವರ್ಷ ಮಾವ ಮನೆಯ ಹೊಸ್ತಿಲು ದಾಟಿರಲಿಲ್ಲ. ನಲವತ್ತು ವರ್ಷ ಔಷಧದ ಅಂಗಡಿ ನಡೆಸಿದ ಮನುಷ್ಯ, ಈಗ ದಿನವಿಡೀ ಕಿಟಕಿಯ ಪಕ್ಕ ಕೂತು ಎದುರು ಮನೆಯ ಗೋಡೆ ನೋಡುತ್ತಿದ್ದರು. ಮಗಳು ಕರೆದು ಕರೆದು ಸೋತ ಮೇಲೆ, ಒಂದು ದಿನ ತಾವಾಗಿಯೇ, "ದೋಣಿಯಲ್ಲಿ ಕೂತು ಸಮುದ್ರದಲ್ಲಿ ಒಂದು ಮೀನು ಹಿಡೀಬೇಕು ಅಂತ ಆಸೆ ಇತ್ತು. ಅಂಗಡಿ ಮುಚ್ಚಿ ಹೋಗೋಕೆ ಆಗಲೇ ಇಲ್ಲ" ಅಂದರು. ಅಷ್ಟೇ ಸಾಕಾಯಿತು. ಹೆಂಡತಿ ಆ ವಾರವೇ ರಜೆ ಹಾಕಿಸಿದಳು.

"ನೋಡಿ, ಅಪ್ಪ ಹೊರಗೆ ಬಂದಿದ್ದೇ ದೊಡ್ಡದು. ಈಗೇನಾದ್ರೂ ಎಡವಟ್ಟಾಗಿ ವಾಪಸ್ ಹೋದ್ರೆ, ಇನ್ನು ಆ ಕಿಟಕಿ ಬಿಟ್ಟು ಏಳಲ್ಲ. ಇದೊಂದನ್ನ ಸರಿಯಾಗಿ ಮಾಡಿ" ಎಂದು ಅವಳು ಗಂಡನಿಗೆ ಹೇಳಿದ್ದಳು.

"ಆಯ್ತು" ಎಂದಿದ್ದ ಕತ್ತರಿ. ಇನ್ನೂ ಚಿಕ್ಕ ಪದ ಸಿಕ್ಕಿದ್ದರೆ ಅದನ್ನೇ ಹೇಳುತ್ತಿದ್ದ.

ಮೊದಲನೇ ಊರಿನಲ್ಲಿ ಅವನು ಬಂದರಿನ ಬೋರ್ಡಿನಲ್ಲಿದ್ದ ನಂಬರಿಗೆ "ಕ್ಯಾಪ್ಟನ್ ಬೇಕು, ಒಂದು ದಿನಕ್ಕೆ" ಎಂದು ಸಂದೇಶ ಕಳಿಸಿದ. ಬೆಳಗ್ಗೆ ಆರಕ್ಕೆ ಸರಿಯಾಗಿ ಬಿಳಿ ಟೋಪಿ ಹಾಕಿಕೊಂಡ ಕ್ಯಾಪ್ಟನ್ ಬಂದು ಕೈಕುಲುಕಿದ. ನಾಲ್ವರೂ ಬಂದರಿನ ಕಟ್ಟೆಯ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತರು. ಕೊನೆಗೆ ಕ್ಯಾಪ್ಟನ್ನೇ, "ನಿಮ್ಮ ದೋಣಿ ಯಾವುದು ಸಾರ್?" ಎಂದ.

"ನಮ್ದಾ? ದೋಣಿ ನಿಮ್ದಲ್ವಾ?"

"ಕ್ಯಾಪ್ಟನ್ ಬೇಕು ಅಂದ್ರಲ್ಲ, ಬಂದೆ. ದೋಣಿ ಬೇಕು ಅಂತ ಎಲ್ಲಿ ಹೇಳಿದ್ರಿ?"

ಎರಡನೇ ಊರಿನ ಹೋಟೆಲಿಗೆ ಬಂದು ಸೇರಿದ ಮೇಲೆ ಮಾವ ಕನ್ನಡಕ ಒರೆಸುತ್ತಾ, "ನಾಳೆ ಹನ್ನೊಂದಕ್ಕೆ ಊರಿಗೆ ವಾಪಸ್ ಬಸ್ಸಿದೆಯಂತೆ. ಕೌಂಟರಿನಲ್ಲಿ ಕೇಳಿದೆ. ನಾಳೆಯೂ ಆಗದಿದ್ರೆ ನಾನು ಹೊರಡ್ತೀನಿ" ಎಂದರು. ಮಗಳ ಮುಖ ಸಣ್ಣಗಾಯಿತು.

ಕತ್ತರಿ ಈ ಬಾರಿ ವಿವರವಾಗಿಯೇ ಬರೆಯುತ್ತೇನೆ ಎಂದು ಹಟತೊಟ್ಟು ಫೋನು ಹಿಡಿದು ಕೂತ. "ನಮ್ಮ ಮಾವನವರಿಗೆ ಎಪ್ಪತ್ತೆಂಟು ವರ್ಷ. ಬಹಳ ಕಾಲದಿಂದ ಅವರಿಗೊಂದು ಆಸೆ ಉಳಿದುಹೋಗಿದೆ. ಅವರನ್ನು ನಿಮ್ಮ ದೋಣಿಯಲ್ಲಿ ಕರೆದುಕೊಂಡು ಹೋಗಿ ಸಮುದ್ರಕ್ಕೆ ಗಾಳ ಬಿಡಿಸಬೇಕು" ಎಂದು ಚೆನ್ನಾಗಿಯೇ ಬರೆದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಬರೆದದ್ದನ್ನು ಮತ್ತೊಮ್ಮೆ ಓದಿದ. ಇಪ್ಪತ್ತೆರಡು ವರ್ಷದ ಚಟ, ಬೆರಳು ತಾನಾಗಿ ಓಡಿತು. 'ನಮ್ಮ' ಯಾಕೆ? ಹೋಯಿತು. 'ವರ್ಷ' ಯಾಕೆ? ಅದೂ ಹೋಯಿತು. ಬಹಳ ಕಾಲದಿಂದ ಉಳಿದ ಆಸೆ 'ಕೊನೆ ಆಸೆ' ಆಯಿತು. ಸಮುದ್ರಕ್ಕೆ ಬಿಡುವುದು ಗಾಳವನ್ನಲ್ಲದೆ ಇನ್ನೇನನ್ನು? 'ಗಾಳ'ವೂ ಹೋಯಿತು. ಕೊನೆಗೆ ಈ ಊರಿನ ಕ್ಯಾಪ್ಟನ್‌ಗೆ ತಲುಪಿದ್ದು ಇಷ್ಟು:

"ಮಾವ, 78. ಕೊನೆ ಆಸೆ. ಸಮುದ್ರಕ್ಕೆ ಬಿಡಬೇಕು. ದೋಣಿ ನಿಮ್ಮದೇ. ನಾಳೆ ಆರು."

'ದೋಣಿ ನಿಮ್ಮದೇ' ಎಂದು ಸೇರಿಸಿದ್ದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ಉತ್ತರ ತಕ್ಷಣ ಬಂತು. "ಖಂಡಿತ ಸಾರ್. ಇಂಥ ಕೆಲಸಕ್ಕೆ ಬೇರೆ ಯಾರನ್ನೂ ಹತ್ತಿಸಲ್ಲ. ಡಬ್ಬಿ ನೀವೇ ತರ್ತೀರಾ?"

ಕತ್ತರಿ ತಲೆಯೆತ್ತಿ ನೋಡಿದ. ಹೆಂಡತಿ ಬಚ್ಚಲಿನ ಬೇಸಿನ್ನಿನಲ್ಲಿ ತಿಂಡಿಯ ಡಬ್ಬಿಗಳನ್ನು ತೊಳೆಯುತ್ತಿದ್ದಳು. "ನಾವೇ. ಸ್ಟೀಲು. ಮೂರು" ಎಂದು ಒತ್ತಿದ.

ಆ ಕಡೆಯಿಂದ ಮತ್ತೆ, "ಮೂರಾ ಸಾರ್?"

"ಒಂದರಲ್ಲಿ ಹಿಡಿಯಲ್ಲ."

"ಆಳು ದೊಡ್ಡವರಿದ್ದಿರಬೇಕು. ಧೈರ್ಯ ತಗೊಳ್ಳಿ."

"ನೋಡು, ಸಮುದ್ರಕ್ಕೆ ಹೋಗೋರಿಗೆ ಧೈರ್ಯ ಹೇಳ್ತಾನೆ. ಎಂಥ ಸಂಭಾವಿತ" ಎಂದು ಅವನು ಹೆಂಡತಿಗೆ ಹೇಳಿದ. ಅವಳು ಕೈಯಲ್ಲಿದ್ದ ನೊರೆ ಕೊಡವಿ, "ದೋಣಿ ಇದೆಯಂತಾ, ಅಷ್ಟು ಹೇಳಿ" ಎಂದಳು.

ಬೆಳಗ್ಗೆ ಗಂಡ ಹೆಂಡತಿ ಬಂದರಿಗೆ ತಲುಪುವಷ್ಟರಲ್ಲಿ ಮಾವ ಆಗಲೇ ನಡೆದುಕೊಂಡು ಬಂದು, ಇದೇ ದೋಣಿ ತಾನೆ ಎಂದು ಕೇಳಿ, ಮನೆಯವರ ಕಡೆಯವನು ಎಂದಷ್ಟೇ ಹೇಳಿ, ಮುಂದಿನ ಹಲಗೆಯ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ಕ್ಯಾಪ್ಟನ್ ಕಟ್ಟೆಯ ಮೇಲೆ ನಿಂತಿದ್ದ. ಆರಡಿ ಎತ್ತರದ ಆಳು, ಆ ಸೆಕೆಯಲ್ಲೂ ಕಪ್ಪು ಕೋಟು, ಟೋಪಿ ಕಂಕುಳಲ್ಲಿ. ದೋಣಿಯ ಬಾವುಟ ಅರ್ಧಕ್ಕೆ ಇಳಿದಿತ್ತು. ನಡುವೆ ಸಣ್ಣ ಮೇಜು, ಅದಕ್ಕೆ ಬಿಳಿ ಬಟ್ಟೆ, ಪಕ್ಕದಲ್ಲಿ ಬಿಳಿ ಹೂವಿನ ದೊಡ್ಡ ಚಕ್ರ.

"ನೋಡಿದ್ಯಾ? ತಿಂಡಿ ತಿನ್ನೋಕೆ ಮೇಜು, ಬಟ್ಟೆ, ಹೂವು. ಯಾವ ಕಂಪನಿ ಕೊಡುತ್ತೆ ಇದನ್ನ?" ಎಂದು ಕತ್ತರಿ ಪಿಸುಗುಟ್ಟಿದ.

ಕ್ಯಾಪ್ಟನ್ ಡಬ್ಬಿಗಳ ಚೀಲವನ್ನು ಎರಡೂ ಕೈಯಲ್ಲಿ ತಗೊಂಡ. ಎಳೆಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋಗಿ, ಮೂರು ಡಬ್ಬಿಯನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು ತಲೆ ತಗ್ಗಿಸಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ತಂದೆಯವರು ಹೇಗೆ ಹೋದ್ರು ತಾಯಿ?" ಎಂದ.

"ಬೆಳಗ್ಗೆ ಬೇಗ ಎದ್ರು. ಸ್ನಾನ ಮಾಡಿದ್ರು. ನಮಗೆ ಒಂದು ಮಾತೂ ಹೇಳದೆ ಹೊರಟೇಹೋದ್ರು" ಎಂದಳು ಅವಳು, ಅಪ್ಪನ ಮೇಲಿನ ಮುನಿಸಿನಲ್ಲಿ.

"ಪುಣ್ಯವಂತರು. ನರಳಲಿಲ್ಲ ತಾನೆ?"

"ನಿನ್ನೆ ಸ್ವಲ್ಪ ಮಂಡಿನೋವು ಅಂತಿದ್ರು. ಮುಲಾಮು ಹಚ್ಚಿದೆ."

"ಮಾಡೋದೆಲ್ಲ ಮಾಡಿದ್ದೀರಿ. ಇನ್ನು ಕೊರಗಬೇಡಿ" ಎಂದು ಕ್ಯಾಪ್ಟನ್ ಕಣ್ಣೊರೆಸಿಕೊಂಡ. ಮಂಡಿನೋವಿಗೆ ಇಷ್ಟು ಕರಗುವ ಗಂಡಸನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಗಂಡನ ಕಡೆ ಒಂದು ನೋಟ ಬೀರಿದಳು, ಕಲಿತುಕೊಳ್ಳಿ ಎನ್ನುವಂತೆ.

ಅರ್ಧ ಗಂಟೆ ದೋಣಿ ಓಡಿತು. ದಡ ಗೆರೆಯಷ್ಟಾದಾಗ ಕ್ಯಾಪ್ಟನ್ ಎಂಜಿನ್ ಆರಿಸಿ, ಕೋಟಿನ ಗುಂಡಿ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡ. ಅಷ್ಟು ಹೊತ್ತಿಗೆ ಮಾವ ಎದ್ದು ಮೇಜಿನ ಹತ್ತಿರ ಬಂದರು. ಅವರದು ದಿನವೂ ಏಳು ಗಂಟೆಗೆ ತಪ್ಪದ ಒಂದು ಕ್ರಮವಿತ್ತು. ಬೇರು, ಬೀಜ ಏನೇನೋ ಅರೆದು ತಾವೇ ಮಾಡಿಕೊಂಡ ಬೂದುಬಣ್ಣದ ಪುಡಿ, ಎರಡು ಚಮಚ, ಬಿಸಿನೀರಿನಲ್ಲಿ. ಅವರು ಆ ಪುಡಿಯಿದ್ದ ಮಧ್ಯದ ಡಬ್ಬಿಯ ಮುಚ್ಚಳ ತೆಗೆದರು. ಚಮಚದಿಂದ ಎರಡು ಸಲ ತೆಗೆದು ಲೋಟಕ್ಕೆ ಹಾಕಿದರು. ಫ್ಲಾಸ್ಕಿನ ನೀರು ಬಗ್ಗಿಸಿ, ಕಲಕಿ, ಗಟಗಟ ಕುಡಿದರು.

ಕ್ಯಾಪ್ಟನ್ ಬಾಯಿ ತೆರೆದಿದ್ದು ತೆರೆದ ಹಾಗೇ ಉಳಿಯಿತು. ಕೈಯಲ್ಲಿದ್ದ ಟೋಪಿ ಜಾರಿ ನೀರಿಗೆ ಬಿತ್ತು. ಅದನ್ನು ಅವನು ನೋಡಲೂ ಇಲ್ಲ.

"ತಾಯಿ," ಎಂದ ಕೊನೆಗೆ, ಗೋಡೆ ಹಿಡಿಯುವವನ ಹಾಗೆ ಕಂಬ ಹಿಡಿದುಕೊಂಡು, "ಅವರು... ಅದನ್ನ... ಕುಡಿದ್ರು."

"ದಿನಾ ಕುಡೀತಾರೆ. ಹೊಟ್ಟೆಗೆ ಒಳ್ಳೇದಂತೆ."

"ದಿನಾ?"

"ನೀವೂ ಒಂದು ಚಮಚ ತಗೋತೀರಾ? ಬಿಳಿಚಿಕೊಂಡಿದ್ದೀರಿ" ಎಂದು ಮಾವ ಡಬ್ಬಿಯನ್ನು ಅವನ ಮುಂದೆ ಹಿಡಿದರು.

ಆರಡಿಯ ಆಳು ಹಗ್ಗದ ಸುರುಳಿಯ ಮೇಲೆ ಕುಸಿದು ಕೂತ. "ಇಪ್ಪತ್ತು ವರ್ಷದಿಂದ ದೋಣಿ ಓಡಿಸ್ತಿದ್ದೀನಿ. ಎಷ್ಟೋ ಜನರ ಬೂದಿ ಬಿಟ್ಟಿದ್ದೀನಿ. ಕುಡಿಯೋರನ್ನ ನೋಡಿರಲಿಲ್ಲ" ಎಂದ.

"ಯಾರ ಬೂದಿ?" ಎಂದಳು ಹೆಂಡತಿ.

ಕ್ಯಾಪ್ಟನ್ ಫೋನು ತೆಗೆದು ಅವಳಿಗೆ ಕೊಟ್ಟ. ಅವಳು ಓದಿದಳು. ಮತ್ತೆ ಓದಿದಳು. ಅಪ್ಪನ ಕೈಗೆ ದಾಟಿಸಿದಳು. ಮಾವ ಕನ್ನಡಕ ಏರಿಸಿ, ವೈದ್ಯರ ಚೀಟಿ ಓದುವ ಹಾಗೆ ಪದ ಪದ ಬಿಡಿಸಿ ಗಟ್ಟಿಯಾಗಿ ಓದಿದರು. "ಮಾವ, ಎಪ್ಪತ್ತೆಂಟು. ಕೊನೆ ಆಸೆ. ಸಮುದ್ರಕ್ಕೆ ಬಿಡಬೇಕು."

ತಾನು ಬರೆದ ಸಾಲು ಇಷ್ಟು ಭಯಂಕರವಾಗಿ ಕೇಳಿಸಬಹುದೆಂದು ಕತ್ತರಿ ಕನಸಿನಲ್ಲೂ ಎಣಿಸಿರಲಿಲ್ಲ. ಹೂವಿನ ಚಕ್ರ, ಬಿಳಿ ಬಟ್ಟೆ, ಅರ್ಧ ಬಾವುಟ ಎಲ್ಲವೂ ಅವನಿಗೆ ಒಂದೊಂದಾಗಿ ಅರ್ಥವಾಗುತ್ತಾ ಬಂದವು.

"'ಗಾಳ' ಅನ್ನೋ ಪದ ಇತ್ತು. ತೆಗೆದೆ" ಎಂದ.

"ನಮ್ಮಪ್ಪನ್ನ ಬಿಟ್ಟು ಬರೋಕೆ ನಾನೇ ಅಲಾರಂ ಇಟ್ಟು ಎದ್ದು ಡಬ್ಬಿ ಕಟ್ಟಿದ್ದೀನಿ" ಎಂದಳು ಹೆಂಡತಿ. ಅವಳ ದನಿ ತಣ್ಣಗಿತ್ತು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೋಗ್ಲಿ, ಈಗಾದ್ರೂ ಗಾಳ ಕೊಡಿ ಕ್ಯಾಪ್ಟನ್" ಎಂದು ಅವನು ಅಂಗಲಾಚಿದ.

"ಇಂಥ ದಿನ ಗಾಳ ಯಾರು ತರ್ತಾರೆ ಸಾರ್? ಎಲ್ಲಾ ದಡದಲ್ಲಿ ಇಳಿಸಿ ಬಂದೆ."

ಹನ್ನೊಂದರ ಬಸ್ಸು ಕತ್ತರಿಯ ಕಣ್ಣ ಮುಂದೆ ಬಂದು ನಿಂತಿತು. ಹೆಂಡತಿ ನೀರಿನ ಕಡೆ ಮುಖ ತಿರುಗಿಸಿದಳು. ಅವಳ ಹೆಗಲು ಅಲುಗುವುದನ್ನು ನೋಡಿ ಅವನಿಗೆ ನಿಜವಾಗಿಯೂ ಸಂಕಟವಾಯಿತು.

ಮಾವ ಮಾತ್ರ ಆ ಹೂವಿನ ಚಕ್ರವನ್ನೇ ನೋಡುತ್ತಿದ್ದರು. "ಚೆನ್ನಾಗಿ ಕಟ್ಟಿಸಿದ್ದೀರಿ" ಎಂದರು ಕ್ಯಾಪ್ಟನ್‌ಗೆ. "ಇಲ್ಲಿಗೆ ಬಂದ ಮೇಲೆ ಸಾಮಾನ್ಯವಾಗಿ ಏನು ಮಾಡ್ತೀರಿ?"

"ಮನೆಯವರು ಎದ್ದು ನಿಂತು ಹೋದವರ ಬಗ್ಗೆ ನಾಲ್ಕು ಒಳ್ಳೆ ಮಾತು ಹೇಳ್ತಾರೆ."

"ಸರಿ, ಹೇಳಲಿ" ಎಂದು ಮಾವ ಹಲಗೆಯ ಮೇಲೆ ನೆಟ್ಟಗೆ ಕೂತರು. "ಹೇಳೋರು ಇದ್ದಾರೆ, ಕೇಳೋಕೆ ನಾನೂ ಇದ್ದೀನಿ."

ಕ್ಯಾಪ್ಟನ್‌ಗೆ ತನ್ನ ಪಾಲಿನ ತಪ್ಪಿಗೆ ಏನಾದರೂ ಮಾಡಬೇಕೆನಿಸಿತು. ಸೀಟಿನ ಕೆಳಗೆ ತಡಕಿ, ತನ್ನ ಮಧ್ಯಾಹ್ನದ ಊಟಕ್ಕೆ ಮೀನು ಹಿಡಿಯಲೆಂದು ಇಟ್ಟು ಮರೆತಿದ್ದ ಒಂದು ಹಳೆಯ ಕೈಗಾಳ ಎಳೆದು ತೆಗೆದ. ಸಣ್ಣ ಮರದ ತುಂಡಿಗೆ ಸುತ್ತಿದ ದಾರ, ತುದಿಗೊಂದು ಕೊಕ್ಕೆ. ಮಾವ ಅದಕ್ಕೆ ತಿಂಡಿ ಡಬ್ಬಿಯ ಬ್ರೆಡ್ಡು ಸಿಕ್ಕಿಸಿ ನೀರಿಗೆ ಇಳಿಬಿಟ್ಟು, ದಾರವನ್ನು ಬೆರಳಿಗೆ ಸುತ್ತಿಕೊಂಡು, ಅಳಿಯನ ಮುಖ ನೋಡಿದರು.

ಕತ್ತರಿ ಎದ್ದು ನಿಂತ. "ಮಾವ. ಎಪ್ಪತ್ತೆಂಟು. ಒಳ್ಳೆಯವರು" ಎಂದು ಕೂರಲು ಹೋದ.

"ಮುಂದೆ?" ಎಂದರು ಮಾವ.

ದೋಣಿ ತೂಗುತ್ತಿತ್ತು, ಮೂವರೂ ಅವನನ್ನೇ ನೋಡುತ್ತಿದ್ದರು. "ಮಾವ... ಮದುವೆಯಾದ ಎರಡನೇ ವರ್ಷ ಏಳು ತಿಂಗಳು ನಮ್ಮ ಪತ್ರಿಕೆ ನಿಂತುಹೋಗಿತ್ತು" ಎಂದು ಶುರುಮಾಡಿದ. "ನಾನು ಮನೇಲಿ ಕೂತಿದ್ದೆ. ಆಗ ಮಾವ ದಿನಾ ಹತ್ತು ಗಂಟೆಗೆ ಅಂಗಡಿಯಿಂದ ಫೋನ್ ಮಾಡೋರು. ಒಂದು ಪದ ಹೇಳಿ, ಇದನ್ನ ಹೇಗೆ ಬರೀಬೇಕು ಅಂತ ಕೇಳೋರು. ನಾನು ಅಟ್ಟದಿಂದ ನಿಘಂಟು ಇಳಿಸಿ, ನೋಡಿ, ಹೇಳ್ತಿದ್ದೆ. ಆ ಒಂದು ಕೆಲಸಕ್ಕಾಗಿ ನಾನು ಬೆಳಗ್ಗೆ ಎದ್ದು ಶೇವ್ ಮಾಡ್ಕೋತಿದ್ದೆ. ಒಂದು ದಿನ 'ಔಷಧ' ಹೇಗೆ ಬರೆಯೋದು ಅಂತ ಕೇಳಿದ್ರು. ಅಂಗಡಿ ಬೋರ್ಡಿನ ಮೇಲೇ ಬರೆದಿತ್ತು ಅದು. ಆಗ ಗೊತ್ತಾಯ್ತು ನನಗೆ, ಯಾಕೆ ಫೋನ್ ಮಾಡ್ತಾರೆ ಅಂತ."

ಹೆಂಡತಿ ತಿರುಗಿ ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಈ ಮಾತು ಕೇಳಿರಲಿಲ್ಲ. ಮಾವ ದಾರದ ಕಡೆ ನೋಡುತ್ತಾ, "ಬೋರ್ಡಿನ ಬಣ್ಣ ಹೋಗಿತ್ತು" ಎಂದು ಗೊಣಗಿದರು.

ಆಮೇಲೆ ಕತ್ತರಿಯನ್ನು ತಡೆಯಲು ಯಾರಿಂದಲೂ ಆಗಲಿಲ್ಲ. ಇಷ್ಟು ವರ್ಷ ಕತ್ತರಿಸಿ ಬಿಸಾಡಿದ ಪದಗಳೆಲ್ಲ ಒಟ್ಟಾಗಿ ಬಾಯಿಗೆ ಬಂದಂತಿತ್ತು. ಮಾವನ ಅಂಗಡಿಯ ಗಾಜಿನ ಬೀರು, ಅತ್ತೆ ಕೊಡುತ್ತಿದ್ದ ಬಿಸಿ ಚಹಾ, ಅತ್ತೆ ಹೋದ ದಿನ ಮಾವ ಮೂರು ಸಲ ಬಾಗಿಲ ಚಿಲಕ ಹಾಕಿ ಮೂರು ಸಲ ತೆಗೆದದ್ದು, ಒಂದೂ ಬಿಡಲಿಲ್ಲ. ಅವನೂ ಅತ್ತ, ಹೆಂಡತಿಯೂ ಅತ್ತಳು. ಏನೂ ಸಂಬಂಧವಿಲ್ಲದ ಕ್ಯಾಪ್ಟನ್ ಎಲ್ಲರಿಗಿಂತ ಜೋರಾಗಿ ಅತ್ತ. ಎರಡು ತಾಸಾದ ಮೇಲೆ ಕತ್ತರಿ "ಇನ್ನೂ ಒಂದು ವಿಷಯ" ಎಂದಾಗ, ಮಾವ ಕೈಯೆತ್ತಿ, "ಶ್, ಕಚ್ಚಿದೆ" ಎಂದರು.

ಮೀನು ಅಂಗೈ ಅಗಲವಿತ್ತು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ನಕ್ಕರು. ಒಂದೂವರೆ ವರ್ಷದ ಮೇಲೆ ಅಪ್ಪನ ಹಲ್ಲು ನೋಡಿದ ಮಗಳು ಮತ್ತೊಮ್ಮೆ ಅತ್ತಳು.

ದೋಣಿ ವಾಪಸ್ ಬಂದರಿಗೆ ಬಂದಾಗ, ಕಟ್ಟೆಯ ಮೇಲಿದ್ದ ಬೇರೆ ದೋಣಿಯವರು ಎದ್ದು ನಿಂತು ಟೋಪಿ ತೆಗೆದರು. ಕ್ಯಾಪ್ಟನ್ ಎಲ್ಲರಿಗೂ ಮೊದಲೇ ಸಾವಿನ ಸುದ್ದಿ ಮುಟ್ಟಿಸಿದ್ದ. ಮಾವ ಅವರಿಗೆಲ್ಲ ಮೀನು ಎತ್ತಿ ತೋರಿಸುತ್ತಾ ಇಳಿದರು.

ಗಂಟೆ ಹತ್ತೂಕಾಲು. ಬಸ್ಸಿಗೆ ಇನ್ನೂ ಸಮಯವಿತ್ತು. ಕತ್ತರಿ ಕೇಳಲು ಧೈರ್ಯವಾಗದೆ ಕಾರಿನ ಕೀಲಿ ತಿರುವುತ್ತಾ ನಿಂತ. ಅಷ್ಟರಲ್ಲಿ ಕ್ಯಾಪ್ಟನ್ ಒಂದು ದಪ್ಪ ನೋಟ್‌ಬುಕ್ ತಂದು, ಬಂದವರೆಲ್ಲ ಇದರಲ್ಲಿ ಅಭಿಪ್ರಾಯ ಬರೆಯುವುದು ವಾಡಿಕೆ ಎಂದ. ಕತ್ತರಿ ಕೈ ಚಾಚಿದ. ಮಾವ ಅವನನ್ನು ದಾಟಿ ಮುಂದೆ ಬಂದು ಪೆನ್ನು ತಗೊಂಡರು, ನಿಧಾನವಾಗಿ ಬರೆದರು, ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಗಂಡ ಹೆಂಡತಿ ಇಬ್ಬರೂ ಬಗ್ಗಿ ಓದಿದರು:

"ದೋಣಿ ಚೆನ್ನಾಗಿದೆ. ಮೀನು ಸಿಕ್ಕಿತು. ಅಳಿಯನ ಭಾಷಣ ತುಂಬಾ ಉದ್ದವಾಯಿತು. ಪ್ರಯಾಣ ಮುಂದುವರಿಸುತ್ತಿದ್ದೇನೆ. ಇಂತಿ, ಮೃತರು."