ಸಂಬಳ ಇಳಿಸಿ ಯಜಮಾನ್ರೇ

ಬೇಕರಿಯಲ್ಲಿ ಒಲೆ ನೋಡಿಕೊಳ್ಳುತ್ತಿದ್ದ ಒಲೆಯಣ್ಣನ ಗ್ರಹಚಾರ ಕೆಟ್ಟದ್ದು, ಕಳೆದ ತಿಂಗಳು ಯಜಮಾನರು ಎಲ್ಲರ ಸಂಬಳ ಏರಿಸಿದ್ದರಿಂದ. ಏರಿದ್ದಾದರೂ ಎಷ್ಟು? ಮಕ್ಕಳಿಗೆ ಒಂದೊಂದು ಜೊತೆ ಚಪ್ಪಲಿಗೂ ಸಾಲದಷ್ಟು. ಅಷ್ಟಕ್ಕೇ ಸರ್ಕಾರಿ ಆಸ್ಪತ್ರೆಯ ಗುಮಾಸ್ತ, "ನೀವು ಬಡವರಲ್ಲ ಬಿಡಿ" ಎಂದುಬಿಟ್ಟ.

"ಮತ್ತೆ ನಾನೇನು ಸಾಹುಕಾರನಾ ಸಾರ್?"

"ಅದು ನಂಗೊತ್ತಿಲ್ಲ. ಪುಕ್ಕಟೆ ಆಪರೇಷನ್ನಿಗೆ ನಿಮ್ಮ ಸಂಬಳ ಒಂದು ಚೂರು ಜಾಸ್ತಿ. ಸಂಜೆಯೊಳಗೆ ಕಮ್ಮಿ ಸಂಬಳದ ಚೀಟಿ ತನ್ನಿ. ಈ ವರ್ಷಕ್ಕೆ ಎರಡು ಜಾಗ ಉಳಿದಿದೆ, ಅಷ್ಟೇ."

ಹೆಂಡತಿಯ ಪಿತ್ತಕೋಶದಲ್ಲಿ ಕಲ್ಲು. ನೋವು ಬಂದಾಗ ಮಕ್ಕಳಿಗೆ ಕೇಳಿಸಬಾರದೆಂದು ಆಕೆ ಬಾಯಿಗೆ ಟವೆಲ್ಲು ತುರುಕಿಕೊಳ್ಳುತ್ತಿದ್ದಳು. ಇನ್ನೊಂದು ವರ್ಷ ಅದನ್ನು ನೋಡಿಕೊಂಡಿರುವುದು ಅವನಿಂದಾಗದ ಮಾತು.

ಬೇಕರಿಗೆ ಬಂದು ಗೋಳು ತೋಡಿಕೊಂಡ. ಪ್ಯಾಕಿಂಗ್ ಅಕ್ಕ ನಕ್ಕಳು. "ಅಯ್ಯೋ ಪೆದ್ದೇ, ಸಂಬಳ ಇಳಿಸಿ ಅಂತ ಕೇಳು. ಬೇಡ ಅನ್ನೋ ಯಜಮಾನ ಇನ್ನೂ ಹುಟ್ಟಿಲ್ಲ!"

"ಸುಮ್ನೆ ಕೇಳಿದ್ರೆ ಅನುಮಾನ ಬರತ್ತೆ," ಎಂದ ಹಿಟ್ಟು ನಾದುವ ಮಾವ. "ಮೊದ್ಲು ಒಂದೆರಡು ಬನ್ನು ಸೀಯಿಸು, ಆಮೇಲೆ ತಪ್ಪಾಯ್ತು ಅನ್ನು."

ಎರಡು ಬನ್ನು ಸೀಯಿಸಲು ಹೋಗಿ ಇಡೀ ಒಲೆಯೇ ಹೊಗೆ ಕಾರಿತು. ಪಕ್ಕದ ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯ ಸಮೇತ ಬಕೆಟ್ ಹಿಡಿದು ನುಗ್ಗಿದ. ಹೊಗೆಯಲ್ಲಿ ಒಲೆ ಯಾವುದು, ಮನುಷ್ಯ ಯಾರು ಎಂದು ಗೊತ್ತಾಗದೆ, ನೀರನ್ನೆಲ್ಲ ಯಜಮಾನರ ತಲೆಯ ಮೇಲೆ ಸುರಿದ.

"ಏನಯ್ಯಾ ಇದು!"

"ತಪ್ಪಾಯ್ತು ಯಜಮಾನ್ರೇ. ನನ್ನ ಸಂಬಳ ಇಳಿಸಿಬಿಡಿ."

ಮುಖ ಒರೆಸುತ್ತಿದ್ದ ಯಜಮಾನರ ಕೈ ನಿಂತಿತು. "ಹೊಗೆ ಏನಾದ್ರೂ ತಲೆಗೆ ಹೋಯ್ತಾ?"

ಪಾಪ, ಸುಳ್ಳು ಅವನಿಗೆ ಒಗ್ಗಲಿಲ್ಲ. ಅಳುತ್ತಾ ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಕೇಳುತ್ತಾ ಕೇಳುತ್ತಾ ಯಜಮಾನರ ಮುಖ ಅರಳಿತು.

"ಅಷ್ಟೇನಾ? ಆದ್ರೆ ನಿನಗೊಬ್ಬನಿಗೇ ಇಳಿಸಿದ್ರೆ ಭೇದ ಮಾಡಿದ ಹಾಗಾಗತ್ತೆ. ಎಲ್ಲರಿಗೂ ಇಳಿಸ್ತೀನಿ!"

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಒಲೆಯಣ್ಣನ ಮೇಲೆ ಹರಿಹಾಯ್ದಳು ಪ್ಯಾಕಿಂಗ್ ಅಕ್ಕ.

"ಹೇಳ್ಕೊಟ್ಟಿದ್ದು ನೀನೇ ಅಲ್ವೇನಕ್ಕ?"

ಎಲ್ಲರೂ ಯಜಮಾನರು ಬರೆದ ಹೊಸ ಸಂಬಳದ ಚೀಟಿ ಕಿತ್ತುಕೊಂಡು, ಮುಖ ಊದಿಸಿಕೊಂಡು ಹೊರಟುಹೋದರು. ಒಲೆ ತೊಳೆದು, ಸಂಜೆಯ ಬ್ರೆಡ್ಡು ಬೇಯಿಸುವ ತನಕ ಒಲೆಯಣ್ಣನಿಗೆ ಬಿಡುಗಡೆ ಇರಲಿಲ್ಲ. ಮುಗಿದದ್ದೇ ತಡ, ಏದುಸಿರು ಬಿಡುತ್ತಾ ಆಸ್ಪತ್ರೆಗೆ ಓಡಿದ.

ಗುಮಾಸ್ತ ಚೀಟಿ ನೋಡಿದ. "ಈಗ ಸರಿಹೋಯ್ತು. ನೀವು ಬಡವರೇ."

ಇಷ್ಟು ಒಳ್ಳೆಯ ಮಾತನ್ನು ಅವನಿಗೆ ಈವರೆಗೆ ಯಾರೂ ಹೇಳಿರಲಿಲ್ಲ.

"ಆದ್ರೆ ಜಾಗ ಮುಗೀತು. ಈಗ ತಾನೇ ನಿಮ್ಮ ಬೇಕರಿಯವ್ರೇ ಬಂದು ಬರೆಸ್ಕೊಂಡ್ರು."

ಒಲೆಯಣ್ಣ ತಿರುಗಿ ನೋಡಿದ. ಬೆಂಚಿನ ಮೇಲೆ ಹಿಟ್ಟಿನ ಮಾವ ಕಿಬ್ಬೊಟ್ಟೆ ಒತ್ತಿಕೊಂಡು ಕೂತಿದ್ದ. "ಹರ್ನಿಯಾ ಕಣೋ. ಹೇಳಿದ್ರೆ ಕೆಲಸ ಹೋಗತ್ತೆ ಅಂತ ಸುಮ್ನಿದ್ದೆ. ಪುಕ್ಕಟೆ ಮಾಡ್ತಾರೆ ಅಂತ ಇವತ್ತು ನೀನು ಹೇಳಿದ್ಮೇಲೇ ಗೊತ್ತಾಗಿದ್ದು." ಪಕ್ಕದಲ್ಲಿ ಪ್ಯಾಕಿಂಗ್ ಅಕ್ಕ, ಸದಾ ಸುತ್ತಿಕೊಂಡಿರುತ್ತಿದ್ದ ಸ್ಕಾರ್ಫ್ ಬಿಚ್ಚಿದ್ದಳು. ಕತ್ತಿನಲ್ಲಿ ನಿಂಬೆಹಣ್ಣಿನಷ್ಟು ಗಂಟು.

"ನಿನ್ನ ಹೆಂಡ್ತಿ ನೆನಪೇ ಆಗ್ಲಿಲ್ಲ ಕಣೋ," ಎಂದಳು. "ಬೈದುಬಿಡು ನನ್ನ."

ಬೈಯಬೇಕೆಂದೇ ಬಾಯಿ ತೆರೆದ. ಆ ಗಂಟು ಕಂಡು, "ನೋಯತ್ತಾ ಅಕ್ಕ?" ಎಂದುಬಿಟ್ಟ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳುವುದೆಂದು ಮಾತ್ರ ತೋಚಲಿಲ್ಲ.

"ಮುಂದಿನ ವರ್ಷ ಖಂಡಿತ ಬನ್ನಿ," ಎಂದು ಗುಮಾಸ್ತ ಕರುಣೆಯಿಂದಲೇ ಕಿಟಕಿ ಮುಚ್ಚಿದ. "ಅಲ್ಲೀವರ್ಗೂ ಹುಷಾರು, ಯಾರಾದ್ರೂ ಸಂಬಳ ಏರಿಸಿಬಿಟ್ಟಾರು!"